ಪುಟ್ಟ ಮಕ್ಕಳ ಬೈಕ್ ಟ್ರಯಲ್ಸ್: ನಡೆಸುವುದು ಹೇಗೆ?

ಲೈಸನ್ಸ್ ಇಲ್ಲದ, 18 ತುಂಬದ ಹುಡುಗ ರಸ್ತೆಯಲ್ಲಿ ಬೈಕ್ ಓಡಿಸಿ ಸಿಕ್ಕಿಬಿದ್ದರೆ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. 2019ರಿಂದ ಇದೇ ಕಾನೂನು. ಆದ್ರೂ ಮಕ್ಕಳ ಬೈಕ್ ಹುಚ್ಚು ಬಿಡಲ್ಲ.

ರಸ್ತೆ ಬಿಟ್ಟು ಮೈದಾನದಲ್ಲಿ ಆಡುವ ಆಟವೊಂದಿದೆ, ಟ್ರಯಲ್ಸ್. ಇಲ್ಲಿ ಗೆಲ್ಲುವುದು ಬ್ಯಾಲೆನ್ಸ್. ಒಮ್ಮೆ ಕಾಲು ನೆಲಕ್ಕೆ ತಾಗಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ದಾಟಲಾಗದೆ ಸೋತರೆ 5. ಕಡಿಮೆ ಅಂಕದವನೇ ವಿಜೇತ! ಇಂಗ್ಲೆಂಡಿನ ತಂದೆಯೊಬ್ಬರು ಮಗನಿಗಾಗಿ ಶುರು ಮಾಡಿದ ಒಸೆಟ್ ಕಂಪೆನಿ 3ರಿಂದ 5 ವರ್ಷದವರಿಗೂ ಎಲೆಕ್ಟ್ರಿಕ್ ಬೈಕ್ ಮಾಡಿತು. ವೇಗದ ಮಿತಿ ದೊಡ್ಡವರ ಕೈಯಲ್ಲೇ.

ಜಾಗ ದೊಡ್ಡ ಖರ್ಚಲ್ಲ. ಗಡಿಯಾಚೆ ಉಮರ್ಗಾ, ನಿಲಂಗಾ, ಉದಗೀರ ಕಡೆ ತೊಗರಿ ಕೊಯ್ದ ಹೊಲ ಸಾಕು, ಆದರೆ ಕಪ್ಪು ಮಣ್ಣಿನ ಬಿರುಕು ಮುಚ್ಚಬೇಕು. ನಮ್ಮೂರಲ್ಲಿ ಫುಟ್ಬಾಲ್ ಮೈದಾನದ ಮೂಲೆ. ಹಳೇ ಟಯರು, ಹಲಗೆ, ರಿಬ್ಬನ್ ಇದ್ದರಾಯಿತು. ಹೆಲ್ಮೆಟ್, ಗ್ಲೌಸ್, ಬೂಟು, ಪ್ರತಿ ಮಗುವಿನ ಪಕ್ಕ ನಡೆಯುವ ಒಬ್ಬ ದೊಡ್ಡವರು, ಇವಿಲ್ಲದೆ ಶುರು ಮಾಡಲೇಬಾರದು. ವಿಮೆಯ ಹಣ ಉಳಿಸುವುದು ಲಾಭವಲ್ಲ.

2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕ್‌ನಲ್ಲಿ ರೇಸಿನ ವೇಳೆ ಬಿದ್ದು ಬೆಂಗಳೂರಿನ 13ರ ಬಾಲಕ ತೀರಿಕೊಂಡ. ಅದು ವೇಗದ ರೇಸು. ಟ್ರಯಲ್ಸ್‌ನಲ್ಲಿ ಮಗು ನಡೆಯುವಷ್ಟೇ ನಿಧಾನ ಹೋಗುತ್ತದೆ, ಪಕ್ಕದವರು ಹಿಡಿದುಕೊಳ್ಳುವಷ್ಟು.