ಅಂಗಡಿ ತೆರೆದ ಮೇಲೆ ಅಹವಾಲು ಕೇಳಿದರೇನು ಫಲ?

ಬಡಾವಣೆಯ ಮೂಲೆ ನಿವೇಶನದಲ್ಲಿದ್ದ ಹಳೆಯ ಮನೆ ನೆಲಕ್ಕುರುಳುತ್ತದೆ. ಹಸಿರು ಬಲೆಯ ಮರೆಯಲ್ಲಿ ನಾಲ್ಕು ಅಂತಸ್ತು ಮೇಲೇಳುತ್ತದೆ. ವಸತಿ ಸಮುಚ್ಚಯ ಇರಬಹುದೆಂದು ನೆರೆಹೊರೆಯವರು ಭಾವಿಸಿರುತ್ತಾರೆ. ಗಾಜಿನ ಮುಂಭಾಗಕ್ಕೆ ನಾಮಫಲಕ ಏರಿದ ದಿನವೇ ಅದು ದೊಡ್ಡ ಸೂಪರ್ ಮಾರ್ಕೆಟ್ ಎಂಬುದು ತಿಳಿಯುವುದು. ಆನಂತರ ಕ್ಷೇಮಾಭಿವೃದ್ಧಿ ಸಂಘದ ತುರ್ತು ಸಭೆ, ಸಹಿ ಸಂಗ್ರಹ, ಆಯುಕ್ತರಿಗೆ ಮನವಿ. ಬೆಂಗಳೂರಿನ ಹಳೆಯ ಬಡಾವಣೆಗಳ ಜನರಿಗೆ ಈ ಅನುಕ್ರಮ ಚಿರಪರಿಚಿತ.

ಇಂತಹ ವಿರೋಧವನ್ನು ಸುಖವಾಸಿಗಳ ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ. ಇಂದು ಮನವಿಗೆ ಸಹಿ ಹಾಕಿದವರೇ ನಾಳೆ ಅದೇ ಮಳಿಗೆಯಲ್ಲಿ ತಳ್ಳುಗಾಡಿ ಹಿಡಿದು ನಿಂತಿರುತ್ತಾರೆಂದು ವ್ಯಾಪಾರಿಗಳು ನಗುವುದುಂಟು. ನಿಂತಿರುತ್ತಾರೆ, ನಿಜ. ಆದರೆ ಅದರಲ್ಲಿ ವಿರೋಧಾಭಾಸವೇನಿಲ್ಲ. ಮಳಿಗೆಯ ಲಾಭ ಎರಡು ಮೂರು ಕಿಲೋಮೀಟರ್ ಸುತ್ತಳತೆಯ ಗ್ರಾಹಕರಿಗೆಲ್ಲ ಹಂಚಿಹೋಗುತ್ತದೆ. ಅದರ ತೊಂದರೆ ಮಾತ್ರ ಪಕ್ಕದ ಎರಡು ಅಡ್ಡರಸ್ತೆಗಳ ಮೇಲೆ ಬೀಳುತ್ತದೆ. ಉತ್ಪಾದಕನ ಲೆಕ್ಕಪುಸ್ತಕದಲ್ಲಿ ಕಾಣಿಸದೆ ನೆರೆಯವನ ತಲೆಗೆ ಬರುವ ಇಂತಹ ವೆಚ್ಚದ ಬಗ್ಗೆ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಿಸ್ತಾರವಾಗಿ ಬರೆದಿದ್ದಾನೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಓದುವ ಈ ಪಾಠ ನಮ್ಮ ನಗರ ಯೋಜನಾ ಕಚೇರಿಗಳಿಗೆ ಇನ್ನೂ ತಲುಪಿದಂತಿಲ್ಲ.

ತೊಂದರೆ ಎಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಗಲಿನ ದಟ್ಟಣೆಯ ವೇಳೆ ನಗರದೊಳಗೆ ಭಾರಿ ಸರಕು ವಾಹನಗಳಿಗೆ ನಿರ್ಬಂಧವಿದೆ. ಹಾಗಾಗಿ ಅಕ್ಕಿ ಮೂಟೆ, ಹಾಲಿನ ಕ್ರೇಟು, ತಂಪು ಪಾನೀಯಗಳನ್ನು ಹೊತ್ತ ಲಾರಿಗಳು ಬರುವುದು ರಾತ್ರಿ ಹತ್ತರ ನಂತರ, ಇಲ್ಲವೇ ಬೆಳಗಿನ ಜಾವ. ಸಂಚಾರ ಪೊಲೀಸರ ದೃಷ್ಟಿಯಲ್ಲಿ ಇದು ಸರಿಯಾದ ವ್ಯವಸ್ಥೆಯೇ. ಆದರೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬಲ್. ಲಾರಿ ಹಿಮ್ಮುಖವಾಗಿ ಚಲಿಸುವಾಗಿನ ಸದ್ದು, ಕಬ್ಬಿಣದ ಷಟರ್ ಎತ್ತುವ ಸದ್ದು, ಹಮಾಲರ ಕೂಗು, ವಿದ್ಯುತ್ ಹೋದಾಗ ಜನರೇಟರ್ ಆರ್ಭಟ ಇವುಗಳಲ್ಲಿ ಯಾವುದೂ ಆ ಮಿತಿಯೊಳಗೆ ನಿಲ್ಲುವಂಥದ್ದಲ್ಲ. ಒಂದು ಇಲಾಖೆಯ ನಿಯಮ ಪಾಲಿಸಹೋಗಿ ಇನ್ನೊಂದು ಇಲಾಖೆಯ ನಿಯಮ ಮುರಿಯುತ್ತದೆ. ನಡುವೆ ನಿದ್ದೆ ಕೆಡುವುದು ಎದುರು ಮನೆಯ ವೃದ್ಧರದು, ಪರೀಕ್ಷೆಗೆ ಓದುವ ಮಕ್ಕಳದು.

ವಾಹನ ನಿಲುಗಡೆಯ ಲೆಕ್ಕವೂ ಹೀಗೆಯೇ. ವಾಣಿಜ್ಯ ಕಟ್ಟಡಗಳಿಗೆ ಸಾಮಾನ್ಯವಾಗಿ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಸ್ಥಳ ಬಿಡಬೇಕೆನ್ನುತ್ತದೆ ನಿಯಮ. 50 ಸಾವಿರ ಚದರ ಅಡಿಯ ಮಳಿಗೆಗೆ ಇದು ಸುಮಾರು 93 ಕಾರುಗಳಾಗುತ್ತದೆ. ಭಾನುವಾರ ಸಂಜೆ ಗಂಟೆಗೆ 200 ಕಾರು ಬಂದು ಪ್ರತಿಯೊಂದೂ ಮುಕ್ಕಾಲು ಗಂಟೆ ನಿಂತಿತೆಂದುಕೊಳ್ಳಿ. ಬೇಕಾಗುವುದು 150 ಸ್ಥಳ. ಉಳಿದ 57 ಕಾರುಗಳು ಅಕ್ಕಪಕ್ಕದ ಮನೆಗಳ ಗೇಟಿನ ಮುಂದೆ ನಿಲ್ಲುತ್ತವೆ. ನಿಯಮದಂತೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ನಿಯಮ ಅಳೆಯುವುದು ಕಟ್ಟಡದ ವಿಸ್ತೀರ್ಣವನ್ನು. ಒಳಗೆ ನಡೆಯುವ ವ್ಯಾಪಾರದ ಸ್ವರೂಪವನ್ನಲ್ಲ. ಅದೇ ವಿಸ್ತೀರ್ಣದ ಪೀಠೋಪಕರಣ ಮಳಿಗೆಗೆ ಬರುವ ಜನ ಬೇರೆ, ದಿನಸಿ ಮಳಿಗೆಗೆ ಬರುವ ಜನ ಬೇರೆ.

ಹಾಗಾದರೆ ಇದನ್ನೆಲ್ಲ ಮೊದಲೇ ಯಾರೂ ಕೇಳುವುದಿಲ್ಲವೇ? ಸರ್ಕಾರಿ ಕಡತಗಳ ನಡುವೆ ಬದುಕು ಸವೆಸಿದವನಾಗಿ ಹೇಳುವುದಾದರೆ, ಪ್ರತಿಯೊಬ್ಬ ಅಧಿಕಾರಿಯ ಟಿಪ್ಪಣಿಯೂ ಅದರಷ್ಟಕ್ಕೆ ಸರಿಯಾಗಿರುತ್ತದೆ. ಅಗ್ನಿಶಾಮಕದವರು ಮೆಟ್ಟಿಲು ನೋಡುತ್ತಾರೆ, ಆರೋಗ್ಯ ವಿಭಾಗದವರು ಉದ್ದಿಮೆ ಪರವಾನಗಿಯ ಶುಲ್ಕ ನೋಡುತ್ತಾರೆ, ನಗರ ಯೋಜನೆಯವರು ರಸ್ತೆಯ ಅಗಲ ನೋಡುತ್ತಾರೆ. ಆ ರಸ್ತೆ ಇಷ್ಟು ಭಾರವನ್ನು ತಾಳೀತೇ ಎಂದು ಕೇಳಬೇಕಾದ ಮೇಜು ಮಾತ್ರ ಯಾವ ಕಚೇರಿಯಲ್ಲೂ ಇಲ್ಲ.

ಕಾನೂನಿನಲ್ಲಿ ಸಾರ್ವಜನಿಕರ ಮಾತಿಗೆ ಎಡೆಯೇ ಇಲ್ಲವೆಂದಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14–ಎ ಪ್ರಕರಣದ ಪ್ರಕಾರ, ಮಹಾ ಯೋಜನೆಗೆ ವ್ಯತಿರಿಕ್ತವಾಗಿ ಭೂ ಉಪಯೋಗ ಬದಲಿಸುವ ಮುನ್ನ ಪತ್ರಿಕಾ ಪ್ರಕಟಣೆ ನೀಡಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಆದರೆ ಯೋಜನೆಯೇ ಅನುಮತಿ ಕೊಟ್ಟುಬಿಟ್ಟರೆ? 2007ರಲ್ಲಿ ಅನುಮೋದನೆಗೊಂಡ ಬೆಂಗಳೂರಿನ ಪರಿಷ್ಕೃತ ಮಹಾ ಯೋಜನೆ–2015 ‘ಮಿಶ್ರ ಬಳಕೆ’ಯ ಹೆಸರಿನಲ್ಲಿ ಮಾಡಿದ್ದು ಇದನ್ನೇ. ವಸತಿ ಬಡಾವಣೆಗಳಲ್ಲಿ ವಾಣಿಜ್ಯಕ್ಕೆ ಅವಕಾಶ ವಿಸ್ತರಿಸಿದಾಗ, ಬದಲಾವಣೆಯ ಪ್ರಶ್ನೆಯೇ ಉದ್ಭವಿಸಲಿಲ್ಲ. ಅದರೊಂದಿಗೆ ಆಕ್ಷೇಪಣೆಯ ಅವಕಾಶವೂ ಹೋಯಿತು. ನಿವಾಸಿಗಳ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಅದರ ಮುಂದಿನ ಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ, ಬಳಿಕ ಹಿಂತೆಗೆದುಕೊಳ್ಳಲ್ಪಟ್ಟಿತು.

ಪರಿಸರ ಅನುಮತಿಯತ್ತ ನೋಡಿದರೂ ಫಲವಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆ ಕಟ್ಟಡಗಳಿಗೆ ಅನ್ವಯಿಸುವುದು 20 ಸಾವಿರ ಚದರ ಮೀಟರಿನಿಂದ. ಬಡಾವಣೆಯೊಳಗೆ ನುಗ್ಗುವ ಮಳಿಗೆ ಅದರ ಕಾಲು ಭಾಗವೂ ಇರುವುದಿಲ್ಲ. ಆ ಮಿತಿ ದಾಟಿದ ದೈತ್ಯ ಮಾಲ್‌ಗಳಿಗಾದರೂ ಸಾರ್ವಜನಿಕ ವಿಚಾರಣೆ ಇದೆಯೇ ಎಂದರೆ, ಕಟ್ಟಡ ಯೋಜನೆಗಳಿಗೆ ಅದರಿಂದಲೂ ವಿನಾಯಿತಿ!

ಫಲಿತಾಂಶವನ್ನು ಬಳ್ಳಾರಿ ರಸ್ತೆಯಲ್ಲಿ ಕಂಡೆವು. ಬ್ಯಾಟರಾಯನಪುರದಲ್ಲಿ 2023ರಲ್ಲಿ ತೆರೆದ ಬೃಹತ್ ಮಾಲ್‌ನಿಂದ ಸಂಚಾರ ಅಸ್ತವ್ಯಸ್ತವಾಗಿ ಸುತ್ತಲಿನ ನಿವಾಸಿಗಳ ದೂರುಗಳು ಹೆಚ್ಚಿದಾಗ, ನಗರ ಪೊಲೀಸ್ ಆಯುಕ್ತರು ಆ ವರ್ಷದ ಡಿಸೆಂಬರ್ 31ರಿಂದ 2024ರ ಜನವರಿ 15ರವರೆಗೆ ಅಲ್ಲಿಗೆ ಸಾರ್ವಜನಿಕ ಪ್ರವೇಶ ನಿರ್ಬಂಧಿಸಿ ಆದೇಶ ಹೊರಡಿಸಿದರು. ಪ್ರಕರಣ ಹೈಕೋರ್ಟಿಗೆ ಹೋಯಿತು. ಆದೇಶ ಸರಿಯೇ ತಪ್ಪೇ ಎಂಬುದಕ್ಕಿಂತ ಅದಕ್ಕೆ ಬಳಸಿದ ಅಸ್ತ್ರ ಗಮನಾರ್ಹ: ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ. ಗಲಭೆ ತಡೆಯಲು ಇದ್ದ ಕಲಮನ್ನು ಕೊಳ್ಳುವವರ ಗುಂಪಿನ ಮೇಲೆ ಪ್ರಯೋಗಿಸಬೇಕಾಗಿ ಬಂತೆಂದರೆ, ಅದಕ್ಕೆ ಮುಂಚಿನ ಹತ್ತಾರು ಹಂತಗಳಲ್ಲಿ ಆಡಳಿತ ಏನೂ ಮಾಡಿರಲಿಲ್ಲವೆಂದೇ ಅರ್ಥ.

ಮಳಿಗೆ ಎದ್ದು ನಿಂತ ಮೇಲೆ ಇನ್ನೊಂದು ವಾದ ಹುಟ್ಟಿಕೊಳ್ಳುತ್ತದೆ: ಕೋಟಿಗಟ್ಟಲೆ ಹೂಡಿದ್ದಾರೆ, ನೂರು ಜನರಿಗೆ ಕೆಲಸ ಕೊಟ್ಟಿದ್ದಾರೆ, ಈಗ ಮುಚ್ಚಿಸುವುದು ಹೇಗೆ? ಈ ವಾದಕ್ಕೆ ಉತ್ತರ ಬಹಳ ಹಿಂದೆಯೇ ನಮ್ಮ ಉಡುಪಿಯಿಂದ ಬಂದಿದೆ. ಅಲ್ಲಿನ ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪವೆಂದು ಅನುಮತಿ ಪಡೆದ ಕಟ್ಟಡವನ್ನು ಚಿತ್ರಮಂದಿರವಾಗಿಸಲು ಪುರಸಭೆ ಒಪ್ಪಿತು. ನೆರೆಯ ನಿವಾಸಿಯೊಬ್ಬರು ಪ್ರಶ್ನಿಸಿದರು. ಹಣ ಆಗಲೇ ವ್ಯಯವಾಗಿದೆ ಎಂಬ ಕಾರಣಕ್ಕೆ ಹೈಕೋರ್ಟ್ ಕೈಹಾಕಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾರಣವನ್ನು ಮಾನ್ಯ ಮಾಡಲಿಲ್ಲ. ಅಕ್ರಮ ಕಟ್ಟಡ ಸುತ್ತಲಿನವರ ಆಸ್ತಿಯ ಅನುಭೋಗಕ್ಕೆ ಧಕ್ಕೆ ತರುತ್ತದೆ, ಯೋಜನೆಯನ್ನು ಪಾಲಿಸುವುದು ಪುರಸಭೆಯ ಕರ್ತವ್ಯ ಎಂದಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟ ಪ್ರಕರಣದಲ್ಲೂ 1991ರಲ್ಲಿ ನಿವಾಸಿಗಳೇ ಗೆದ್ದರು. ಆದರೆ ಎಲ್ಲ ಬಡಾವಣೆಗಳಿಗೂ ದೆಹಲಿಯವರೆಗೆ ಹೋಗುವ ಶಕ್ತಿ ಇರುವುದಿಲ್ಲ.

ದೊಡ್ಡ ಮಳಿಗೆಗಳನ್ನು ತಡೆಯಬೇಕೆಂಬುದು ನನ್ನ ವಾದವಲ್ಲ. ಫ್ರಾನ್ಸ್ 1973ರ ಕಾನೂನಿನ ಮೂಲಕ ದೊಡ್ಡ ಮಳಿಗೆಗಳಿಗೆ ಸ್ಥಳೀಯ ಸಮಿತಿಯ ಒಪ್ಪಿಗೆ ಕಡ್ಡಾಯ ಮಾಡಿತು. ಸಮಿತಿಯಲ್ಲಿ ಅಂಗಡಿಕಾರರ ಪ್ರತಿನಿಧಿಗಳೂ ಇದ್ದರು. ಆ ನಿರ್ಬಂಧದಿಂದ ಚಿಲ್ಲರೆ ವ್ಯಾಪಾರದಲ್ಲಿ ಉದ್ಯೋಗದ ಬೆಳವಣಿಗೆಯೇ ಕುಂಠಿತವಾಯಿತೆಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸ್ಪರ್ಧೆಯನ್ನು ತಡೆಯುವ ಅಧಿಕಾರ ಸ್ಪರ್ಧಿಯ ಕೈಯಲ್ಲಿರಬಾರದು. ಬೀದಿ ಕೊನೆಯ ಶೆಟ್ಟರ ಅಂಗಡಿಯ ಅಳಿವು ಉಳಿವು ಬೇರೆಯದೇ ಚರ್ಚೆ. ಅದನ್ನು ನಿವಾಸಿಗಳ ನೆಮ್ಮದಿಯೊಂದಿಗೆ ಬೆರೆಸಿದರೆ ಎರಡೂ ಕೆಡುತ್ತವೆ.

ಬೇಕಾಗಿರುವುದು ಸರಳ. ನಕ್ಷೆ ಮಂಜೂರಾತಿಗೆ ಮುನ್ನ ನಿವೇಶನದ ಮುಂದೆಯೇ ಮೂವತ್ತು ದಿನ ಕನ್ನಡದಲ್ಲಿ ಫಲಕವಿರಲಿ: ಇಲ್ಲಿ ಇಷ್ಟು ವಿಸ್ತೀರ್ಣದ ಇಂಥ ವ್ಯಾಪಾರ ಬರಲಿದೆ ಎಂದು. ವಾರ್ಡ್ ಸಮಿತಿಯಲ್ಲಿ ಒಂದು ಸಂಜೆ ನಿವಾಸಿಗಳ ಮಾತು ಕೇಳಲಿ. ಸರಕು ಇಳಿಸುವ ವೇಳೆ, ಲಾರಿ ನಿಲ್ಲುವ ಜಾಗ, ಜನರೇಟರಿನ ದಿಕ್ಕು ಇವೆಲ್ಲ ಪರವಾನಗಿಯ ಷರತ್ತುಗಳಾಗಿ ಬರಹದಲ್ಲಿರಲಿ. ಈಗಾಗಲೇ ತೆರೆದಿರುವ ಮಳಿಗೆಗಳಿಗೂ ಇದು ತಡವಲ್ಲ. ಉದ್ದಿಮೆ ಪರವಾನಗಿ ನವೀಕರಣಕ್ಕೆ ಬರಲೇಬೇಕು. ಅಂದು ಶುಲ್ಕದ ರಸೀದಿಯ ಜೊತೆಗೆ ಆ ರಸ್ತೆಯವರ ದೂರುಗಳ ಕಡತವೂ ಆರೋಗ್ಯಾಧಿಕಾರಿಯ ಮೇಜಿನ ಮೇಲಿರಬೇಕು.