‘ಗರಿ’ ಶಬ್ದದ ಅರ್ಥವಿಚಾರ

‘ಗರಿ’ ಎಂಬುದು ಎರಡಕ್ಷರದ ಚಿಕ್ಕ ಶಬ್ದ. ಅದರ ಅರ್ಥವ್ಯಾಪ್ತಿಯಾದರೋ ಹಿರಿದು. ಹಳಗನ್ನಡದಲ್ಲಿ ಇದು ಶಕಟರೇಫದಿಂದ ಕೂಡಿದ ‘ಗಱಿ’. ಹಕ್ಕಿಯ ಪುಕ್ಕ, ಬಾಣದ ಹಿಂಬದಿಗೆ ಕಟ್ಟುವ ಪುಕ್ಕ, ತೆಂಗು ತಾಳೆಗಳ ಎಲೆ ಇವೆಲ್ಲವೂ ಗರಿಯೇ. ನಲಿದ ಮನಸ್ಸೂ ‘ಗರಿಗೆದರುತ್ತದೆ’.

ಪುಕ್ಕಕ್ಕೂ ಎಲೆಗೂ ಒಂದೇ ಹೆಸರೇಕೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳಿಗೆ ತೋಟವೇ ಉತ್ತರ ಹೇಳುತ್ತದೆ. ನಡುವೆ ಒಂದು ದಿಂಡು, ಇಕ್ಕೆಲಗಳಲ್ಲಿ ಸಾಲಾದ ಎಸಳು: ತೆಂಗಿನ ಗರಿಯ ಈ ಕಟ್ಟೇ ಹಕ್ಕಿಯ ಗರಿಯಲ್ಲಿಯೂ ಉಂಟು. ಸಂಸ್ಕೃತದ ‘ಪತ್ರ’ ಶಬ್ದಕ್ಕೂ ಎಲೆ, ರೆಕ್ಕೆ ಎಂಬೆರಡು ಅರ್ಥಗಳಿವೆ. ಅಮರಕೋಶವು ಅದನ್ನು ಎರಡು ಕಡೆಯೂ ಹೇಳಿದೆ.

ಬರೆಹಕ್ಕೆ ಎರಡು ಗರಿಗಳೂ ಒದಗಿವೆ. ಪಾಶ್ಚಾತ್ಯರು ಹೆಬ್ಬಾತಿನ ಗರಿಯ ಬುಡವನ್ನು ಚೂಪುಮಾಡಿ, ಮಸಿಯಲ್ಲಿ ಅದ್ದಿ ಬರೆದರು; ‘ಪೆನ್’ ಎಂಬ ಹೆಸರು ಗರಿ ಎಂಬರ್ಥದ ಲ್ಯಾಟಿನ್ನಿನ ‘ಪೆನ್ನ’ದಿಂದ ಬಂದುದು. ಕನ್ನಡನಾಡಿನಲ್ಲಿ ಗರಿಯಿಂದ ಬರೆದುದಕ್ಕಿಂತ ಗರಿಯ ಮೇಲೆ ಬರೆದುದೇ ಹೆಚ್ಚು. ಹದಗೊಳಿಸಿದ ತಾಳೆಗರಿಯನ್ನು ಕಬ್ಬಿಣದ ಕಂಟದಿಂದ ಕೊರೆದು, ಮಸಿ ಪೂಸಿ ಒರೆಸಿದರೆ ಅಕ್ಷರ ಮೂಡುತ್ತಿತ್ತು. ಶರಣರ ವಚನಗಳು ಉಳಿದುಬಂದುದು ಇಂಥ ಗರಿಗಳಲ್ಲಿ. ಅವನ್ನು ಅಲೆದು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು.

ತೋಟದ ಗರಿ ಹೆಣೆದರೆ ಚಪ್ಪರ, ಕಡ್ಡಿ ತೆಗೆದರೆ ಪೊರಕೆ, ಒಣಗಿದರೆ ಒಲೆಗೆ ಉರಿ. ಆದರೆ ಅಟ್ಟದ ಮೇಲೆ ಧೂಳು ಹಿಡಿದ ಓಲೆಗರಿಯ ಕಟ್ಟು ಒಲೆಗೆ ಸಲ್ಲತಕ್ಕದ್ದಲ್ಲ. ಓದಲು ಬಾರದೆಂದು ಸುಟ್ಟ ಗರಿಯೊಡನೆ ಅದರೊಳಗಿನ ನುಡಿಯೂ ಬೂದಿಯಾಗುತ್ತದೆ. ಅಂಥ ಕಟ್ಟು ಕಣ್ಣಿಗೆ ಬಿದ್ದಾಗ ವಿದ್ಯಾರ್ಥಿಗಳು ಅದನ್ನು ಬಲ್ಲವರಿಗೆ ತೋರಿಸುವುದು ಲೇಸು.