ಮೈ ಬಗ್ಗಿಸದಿರುವುದು ಬರೀ ಸೋಮಾರಿತನವೇ?

'ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತೇವೆ, ನಮಗೇಕೆ ವ್ಯಾಯಾಮ?' ಎಂದು ಮಂಡ್ಯದ ಕಡೆಯವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ದಣಿವು ಬೇರೆ, ಚಲನೆ ಬೇರೆ. ಗದ್ದೆಯಲ್ಲಿ ಕಬ್ಬು ಕಡಿದು ಹೊರೆ ಹೊರುವವರ ಮೈ ದುಡಿಯುತ್ತದೆ. ಮದ್ದೂರಿನ ಅಂಗಡಿಯಲ್ಲಿ ದಿನವಿಡೀ ಗಲ್ಲಾದ ಮುಂದೆ ಕುಳಿತವರೂ ದಣಿಯುತ್ತಾರೆ. ಅವರ ಕಾಲಿನ ಸ್ನಾಯುಗಳಿಗೆ ಮಾತ್ರ ಕೆಲಸ ಸಿಕ್ಕಿರುವುದಿಲ್ಲ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಷ್ಟು ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೊಲದ ಕೆಲಸ, ಸೈಕಲ್ ಸವಾರಿ, ಮೈ ಬಗ್ಗಿಸಿ ಮಾಡುವ ಮನೆಗೆಲಸ ಎಲ್ಲವೂ ಇದರ ಲೆಕ್ಕಕ್ಕೆ ಸೇರುತ್ತವೆ. ಇಷ್ಟೂ ಮಾಡದವರು ಭಾರತದಲ್ಲಿ 2000ದಲ್ಲಿ ನೂರಕ್ಕೆ ಸುಮಾರು 22 ಮಂದಿ ಇದ್ದರು. 2022ರಲ್ಲಿ ಸುಮಾರು 49 ಮಂದಿ. ಹೆಂಗಸರಲ್ಲಿ 57, ಗಂಡಸರಲ್ಲಿ 42.

ಅರ್ಧ ದೇಶವೇ ಸೋಮಾರಿಯಾಯಿತೆ? ಹಾಗಲ್ಲ. ಕಾರಣಗಳು ನಮ್ಮ ಬದುಕಿನ ಏರ್ಪಾಡಿನಲ್ಲಿವೆ.

ಮೊದಲನೆಯದು ಕಸುಬು. ನಾಲೆ ಬಯಲಿನಲ್ಲಿ ಎತ್ತಿನ ಹಿಂದೆ ನಡೆಯುತ್ತಿದ್ದ ರೈತ ಈಗ ಟ್ರ್ಯಾಕ್ಟರ್ ಮೇಲೆ ಕುಳಿತು ಉಳುತ್ತಾನೆ. ಓದಿದ ಮಗನಿಗೆ ಮಂಡ್ಯದಲ್ಲಿ ಕುರ್ಚಿಯ ಕೆಲಸ. ಇಬ್ಬರ ಶ್ರಮವೂ ಇಳಿಯಿತು, ಊಟದ ಅಳತೆ ಇಳಿಯಲಿಲ್ಲ.

ಎರಡನೆಯದು ವಾಸ ಮತ್ತು ಓಡಾಟ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ರಮ ಸಾಲದವರು ಪಟ್ಟಣಗಳಲ್ಲಿ ನೂರಕ್ಕೆ 65, ಹಳ್ಳಿಗಳಲ್ಲಿ 50. ಮಳವಳ್ಳಿಯಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗುವವರು ಎರಡೂ ಕಡೆ ನಿಲ್ದಾಣದವರೆಗಾದರೂ ನಡೆಯುತ್ತಾರೆ. ಬೈಕಿನವರಿಗೆ ಬಾಗಿಲಿನಿಂದ ಬಾಗಿಲಿಗೆ ಸವಾರಿ.

ಮೂರನೆಯದು ಹೆಣ್ಣಿನ ಪಾಲಿಗೆ ಬಂದ ಕಟ್ಟುಪಾಡು. ಒರಳಿನ ಜಾಗಕ್ಕೆ ಮಿಕ್ಸಿ, ಬಾವಿಯ ಜಾಗಕ್ಕೆ ನಲ್ಲಿ ಬಂದದ್ದು ಒಳ್ಳೆಯದೇ; ಹಳೆಯ ಕಷ್ಟ ಮರಳಿ ಬರಬೇಕೆಂದು ಯಾರೂ ಹೇಳಬಾರದು. ಆದರೆ ಉಳಿದ ಹೊತ್ತು ಅಡುಗೆ, ಮಕ್ಕಳು, ಹಿರಿಯರ ಆರೈಕೆಗೆ ಹಂಚಿಹೋಗುತ್ತದೆ. ಸಂಜೆ ಒಬ್ಬಳೇ ನಡೆಯಲು ಹೊರಟರೆ 'ಎಲ್ಲಿಗೆ ಹೊರಟೆ?' ಎನ್ನುವ ಕಣ್ಣುಗಳು, ಬೀದಿದೀಪವಿಲ್ಲದ ರಸ್ತೆ.

ನಾಲ್ಕನೆಯದು ವಯಸ್ಸು. ಅರವತ್ತು ದಾಟಿದ ಮೇಲೆ ಚಲನೆ ಇನ್ನಷ್ಟು ಇಳಿಯುತ್ತದೆ. 'ನೀವು ಕೂತ್ಕೊಳಿ ಅಜ್ಜಿ, ನಾವು ಮಾಡ್ತೀವಿ' ಎಂಬ ಪ್ರೀತಿಯೂ ಹಿರಿಯರನ್ನು ಮೂಲೆಗೆ ಕೂರಿಸಬಲ್ಲದು.

ಇದರಿಂದ ಆಗುವ ನಷ್ಟವೇನು? ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಹೀರಿ ಉರುವಲಾಗಿ ಬಳಸುತ್ತದೆ. ಅದು ಸುಮ್ಮನಿದ್ದರೆ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ವರ್ಷಗಳು ಕಳೆದಂತೆ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ಹೃದಯದ ಮಾತೂ ಅಷ್ಟೆ. ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ, ಮಹಡಿ ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆಯೆಂದು ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದ್ದರು.

ಆದ್ದರಿಂದ ಬುದ್ಧಿವಾದವೊಂದೇ ಸಾಲದು. ಬೆಳಕಿರುವ ರಸ್ತೆ, ಅಂಗಡಿ ಸಾಮಾನು ತುಂಬದ ಕಾಲುದಾರಿ, ಸಂಜೆ ತೆರೆದಿರುವ ಶಾಲೆಯ ಮೈದಾನ — ಇವನ್ನು ನಿಮ್ಮ ಪಂಚಾಯಿತಿ, ಪುರಸಭೆಯಲ್ಲಿ ಕೇಳಿ. ಹೆಂಗಸರು ನಾಲ್ಕೈದು ಮಂದಿ ಜೊತೆಗೂಡಿ ಹೊರಟರೆ ಅಂಜಿಕೆ ತಗ್ಗುತ್ತದೆ. ಆ ಅರ್ಧ ಗಂಟೆ ಮನೆಯ ಗಂಡಸರು ಅಡುಗೆಮನೆ ನೋಡಿಕೊಳ್ಳಲಿ. ಅಜ್ಜಿಗೆ ಹೂ ಬಿಡಿಸುವ, ಅಂಗಡಿಗೆ ಹೋಗಿಬರುವ ಕೆಲಸ ಉಳಿಸಿಕೊಡಿ. ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿ, ಅಲ್ಪದಿಂದ ಆರಂಭಿಸಿ.